ಹಾಟ್ ಡಾಗ್: ಬೆಂದದ್ದನ್ನೇ ಮತ್ತೆ ಬೇಯಿಸುವ ಕತೆ

(ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೊರಟಿರುವ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನಲ್ಲಿ ಏರ್ಪಾಡಾಗಿದ್ದ ಮಾಹಿತಿ ಶಿಬಿರದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ವೀಸಾ, ಬ್ಯಾಂಕ್ ಸಾಲ, ಚಳಿಗಾಲದ ಕೋಟು ಇವುಗಳ ಬಗ್ಗೆ ಬಲ್ಲವರು ಬೆಳಿಗ್ಗೆಯಿಂದ ಮಾತಾಡಿದ್ದಾರೆ. ಸಂಘಟಕರು ನನಗೆ ಕೊಟ್ಟ ವಿಷಯ ‘ಅಮೆರಿಕದ ಊಟ’. ಐವತ್ತು ರಾಜ್ಯಗಳ ಊಟವನ್ನು ಅರ್ಧ ಗಂಟೆಯಲ್ಲಿ ಬಡಿಸುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಒಂದೇ ಒಂದು ತಿನಿಸನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ಇಳಿದ ಮೊದಲ ವಾರದಲ್ಲೇ ನಿಮಗೆ ಎದುರಾಗುವ, ತಿನ್ನದವರೂ ‘ಇದರಲ್ಲೇನಿದೆ’ ಎಂದು ಕೇಳಲೇಬೇಕಾದ ತಿನಿಸು ಅದು. ಹಾಟ್ ಡಾಗ್. ಅಗ್ಗ, ಬೇಗ ಆಗುತ್ತದೆ, ಒಂದು ಬಾಣಲೆ ಇದ್ದರೆ ಸಾಕು. ವಿದ್ಯಾರ್ಥಿಯ ಕೋಣೆಗೆ ಹೇಳಿ ಮಾಡಿಸಿದಂತಿದೆ. ಅಡುಗೆಯಲ್ಲಿ ನನಗೆ ಪಾಂಡಿತ್ಯವೇನಿಲ್ಲ, ವರದಿಗಾರಿಕೆ ನನ್ನ ಕಸುಬು. ಹಾಗಾಗಿ ರುಚಿಗಿಂತ ಸಂಗತಿಗಳ ಕಡೆಗೇ ಮಾತು ಹೆಚ್ಚು ವಾಲಿದರೆ ಸಹಿಸಿಕೊಳ್ಳಿ.

ಮೊದಲು ಹೆಸರಿನ ವಿಚಾರ ಮುಗಿಸೋಣ. ಅದರಲ್ಲಿ ನಾಯಿಯ ಮಾಂಸ ಇರುವುದಿಲ್ಲ. ಈ ಅನುಮಾನ ನಮ್ಮೂರಿನವರಿಗೆ ಮಾತ್ರ ಬರುವುದೆಂದು ನಾಚಿಕೊಳ್ಳಬೇಕಾಗಿಲ್ಲ. ಈ ಹೆಸರು ಹುಟ್ಟಿದ್ದೇ ಅಮೆರಿಕನ್ನರ ಅಂಥ ಅನುಮಾನದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ವಲಸೆ ಬಂದ ಕಸಾಯಿಯವರು ಸಾಸೇಜು ಮಾರುತ್ತಿದ್ದಾಗ, ಅದರೊಳಗೆ ಬೀದಿ ನಾಯಿ ಸೇರಿರಬಹುದೇ ಎಂದು ಜನ ಗೇಲಿ ಮಾಡುತ್ತಿದ್ದರು. ಒಳಗೇನಿದೆ ಎಂದು ಕಣ್ಣಿಗೆ ಕಾಣದ ತಿನಿಸಿನ ಮೇಲೆ ಎಲ್ಲ ಊರಿನಲ್ಲೂ ಇಂಥ ಮಾತು ಹುಟ್ಟುತ್ತದೆ. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಸ್ಟೆಲಿನ ಬಳಿ ನಿಲ್ಲುತ್ತಿದ್ದ ಸಾಸೇಜು ಗಾಡಿಗಳಿಗೆ ‘ನಾಯಿ ಗಾಡಿ’ ಎಂದು ಅಡ್ಡಹೆಸರಿಟ್ಟಿದ್ದರು. ಅವರದೇ ಪತ್ರಿಕೆ ‘ಯೇಲ್ ರೆಕಾರ್ಡ್’ನ 1895ರ ಸಂಚಿಕೆಯೊಂದರಲ್ಲಿ ‘ಹಾಟ್ ಡಾಗ್’ ಎಂಬ ಪದ ಅಚ್ಚಾಗಿದೆ.

ಆದರೆ ನೀವು ಅಲ್ಲಿಗೆ ಹೋದ ಮೇಲೆ ಬೇರೆಯೇ ಕತೆ ಕೇಳುತ್ತೀರಿ. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಚಳಿಯ ದಿನ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತಂತೆ. ಮಾರುವ ಹುಡುಗರು ‘ಬಿಸಿಬಿಸಿ ಡಾಕ್ಸ್‌ಹುಂಡ್ ಸಾಸೇಜು’ ಎಂದು ಕೂಗುತ್ತಿದ್ದರಂತೆ. ಡಾಕ್ಸ್‌ಹುಂಡ್ ಎಂದರೆ ಉದ್ದ ಮೈಯ, ಗಿಡ್ಡ ಕಾಲಿನ ಜರ್ಮನ್ ನಾಯಿ. ಅಲ್ಲಿದ್ದ ಟ್ಯಾಡ್ ಡೋರ್ಗನ್ ಎಂಬ ವ್ಯಂಗ್ಯಚಿತ್ರಕಾರನಿಗೆ ಆ ಪದದ ಕಾಗುಣಿತ ಬರದೆ ‘ಹಾಟ್ ಡಾಗ್’ ಎಂದು ಬರೆದುಬಿಟ್ಟನಂತೆ. ಕತೆ ಸೊಗಸಾಗಿದೆ. ತೊಂದರೆ ಏನೆಂದರೆ, ಆ ವ್ಯಂಗ್ಯಚಿತ್ರವನ್ನು ಕಂಡವರು ಒಬ್ಬರೂ ಇಲ್ಲ. ಪದಗಳ ಇತಿಹಾಸ ಹುಡುಕುವ ಬ್ಯಾರಿ ಪೋಪಿಕ್ ಮತ್ತು ಅವರ ಜೊತೆಗಾರರು ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಆ ಪಂದ್ಯಕ್ಕೂ ಹಿಂದಿನ ಬಳಕೆಗಳು. ಹೀಗಿದ್ದೂ ಪತ್ರಿಕೆಯಿಂದ ಪತ್ರಿಕೆಗೆ ಈ ಕತೆ ನಕಲಾಗುತ್ತಲೇ ಬಂದಿದೆ. ನಮ್ಮ ಕಸುಬಿನವರ ಸೋಮಾರಿತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಇನ್ನು ಸಾಸೇಜಿನ ತವರು. ಜರ್ಮನಿಯ ಫ್ರಾಂಕ್‌ಫರ್ಟ್ ಒಂದು ಕಡೆ, ಆಸ್ಟ್ರಿಯಾದ ವಿಯೆನ್ನಾ ಇನ್ನೊಂದು ಕಡೆ ನಿಂತು ‘ನಮ್ಮದು’ ಎನ್ನುತ್ತವೆ. ಫ್ರಾಂಕ್‌ಫರ್ಟಿನಲ್ಲಿ ಕೆಲಸ ಕಲಿತ ಯೋಹಾನ್ ಗೆಯೋರ್ಗ್ ಲಾಹ್ನರ್ ಎಂಬ ಕಸಾಯಿ ವಿಯೆನ್ನಾಕ್ಕೆ ಹೋಗಿ, 1805ರಲ್ಲಿ ಹಂದಿ ಮತ್ತು ದನದ ಮಾಂಸ ಎರಡನ್ನೂ ಬೆರೆಸಿ ಸಾಸೇಜು ಮಾಡಿದ. ತನ್ನ ಕಲಿಕೆಯ ಊರಿನ ನೆನಪಿಗೆ ಅದನ್ನು ‘ಫ್ರಾಂಕ್‌ಫರ್ಟರ್’ ಎಂದ. ವಿಯೆನ್ನಾದಲ್ಲಿ ಇಂದಿಗೂ ಅದು ಫ್ರಾಂಕ್‌ಫರ್ಟರೇ. ಜರ್ಮನಿಯಲ್ಲಾದರೋ ಅದೇ ಸಾಸೇಜಿಗೆ ‘ವೀನರ್’, ಅಂದರೆ ವಿಯೆನ್ನಾದ್ದು ಎಂಬ ಹೆಸರು. ಇವರು ಅವರ ಹೆಸರು ಹೇಳುತ್ತಾರೆ, ಅವರು ಇವರ ಹೆಸರು. ಅಮೆರಿಕದ ಅಂಗಡಿಗಳಲ್ಲಿ ಫ್ರಾಂಕ್, ವೀನರ್, ಹಾಟ್ ಡಾಗ್ ಎಂದು ಮೂರು ಬಗೆಯ ಪೊಟ್ಟಣ ಕಂಡರೆ ಗಾಬರಿಯಾಗಬೇಡಿ. ವಸ್ತು ಬಹುಮಟ್ಟಿಗೆ ಒಂದೇ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ಹಾಟ್ ಡಾಗ್ ಕಾರ್ಖಾನೆಯಿಂದ ಹೊರಡುವಾಗಲೇ ಬೆಂದಿರುತ್ತದೆ. ಮಾಂಸದ ಚೂರುಗಳನ್ನು ಮಂಜುಗಡ್ಡೆ, ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜಾಯಿಕಾಯಿ, ಕೆಂಪು ಮೆಣಸಿನ ಪುಡಿಯಂಥ ಮಸಾಲೆಯೊಂದಿಗೆ ನಮ್ಮ ದೋಸೆ ಹಿಟ್ಟಿನಷ್ಟು ನುಣ್ಣಗೆ ರುಬ್ಬುತ್ತಾರೆ. ಮಂಜುಗಡ್ಡೆ ಯಾಕೆಂದರೆ, ರುಬ್ಬುವ ಯಂತ್ರದ ಬಿಸಿಗೆ ಕೊಬ್ಬು ಕರಗಿ ಬೇರೆಯಾಗಬಾರದು. ಆ ಹಿಟ್ಟನ್ನು ಉದ್ದದ ಕೊಳವೆಯಂಥ ಹೊದಿಕೆಯಲ್ಲಿ ತುಂಬಿ, ಹೊಗೆಯ ಒಲೆಯಲ್ಲಿ ಬೇಯಿಸಿ, ತಣ್ಣೀರು ಸುರಿದು ಆರಿಸುತ್ತಾರೆ. ಹಿಂದೆ ಹೊದಿಕೆ ಎಂದರೆ ಕುರಿಯ ಕರುಳು ಮಾತ್ರ. 1925ರಲ್ಲಿ ಷಿಕಾಗೋದ ಅರ್ವಿನ್ ಫ್ರಾಯಿಂಡ್ ಎಂಬವರು ಸೆಲ್ಯುಲೋಸಿನ ಕೃತಕ ಹೊದಿಕೆ ಮಾಡುವ ಕಂಪನಿ ಸ್ಥಾಪಿಸಿದರು. ಬೆಂದ ಮೇಲೆ ಅದನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಬಿಡಬಹುದು. ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಹಾಟ್ ಡಾಗ್‌ಗಳು ಹೀಗೆ ಸಿಪ್ಪೆ ಸುಲಿದವು.

ಬೆಂದಿದೆ ಎಂದ ಮೇಲೆ ಮತ್ತೆ ಯಾಕೆ ಬೇಯಿಸಬೇಕು? ಫ್ರಿಜ್ಜಿನಿಂದ ತೆಗೆದು ಹಾಗೇ ತಿಂದರೇನು? ತಿನ್ನುವವರು ಬಹಳ ಮಂದಿ ಇದ್ದಾರೆ. ಅಪಾಯ ಇರುವುದು ಇಲ್ಲೇ. ಬೇಯಿಸಿದಾಗ ಒಳಗಿನ ಕ್ರಿಮಿಗಳು ಸತ್ತಿರುತ್ತವೆ, ನಿಜ. ಆದರೆ ಬೆಂದ ಮೇಲೆ ಹೊದಿಕೆ ಸುಲಿಯುವುದು, ಪೊಟ್ಟಣ ಕಟ್ಟುವುದು ಬಾಕಿ ಇದೆಯಲ್ಲ? ಆ ಹಂತದಲ್ಲಿ ಯಂತ್ರದಿಂದಲೋ ನೆಲದ ತೇವದಿಂದಲೋ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅಂಟಿಕೊಳ್ಳಬಹುದು. ಬೇರೆ ಹೆಚ್ಚಿನ ಕ್ರಿಮಿಗಳು ಫ್ರಿಜ್ಜಿನ ಚಳಿಯಲ್ಲಿ ತೆಪ್ಪಗಿರುತ್ತವೆ. ಇದು ಹಾಗಲ್ಲ, ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. 1998ರ ಕೊನೆಯಿಂದ 1999ರ ಆರಂಭದವರೆಗೆ ಅಮೆರಿಕದ ಹಲವು ರಾಜ್ಯಗಳಲ್ಲಿ ಈ ರೋಗ ಹರಡಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ತಾಯಂದಿರ ಗರ್ಭದಲ್ಲೇ ಶಿಶುಗಳು ತೀರಿಕೊಂಡ ಪ್ರಕರಣಗಳೂ ಇದ್ದವು. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ಮಿಷಿಗನ್ ರಾಜ್ಯದ ಒಂದು ಮಾಂಸದ ಕಾರ್ಖಾನೆಯ ಹಾಟ್ ಡಾಗ್ ಮತ್ತು ತಣ್ಣನೆಯ ಮಾಂಸದ ಹೋಳುಗಳು. ತಿಂದವರು ನಿಯಮ ಮೀರಿದವರಲ್ಲ, ಎಲ್ಲರಂತೆ ಅಂಗಡಿಯಿಂದ ತಂದು ತಿಂದವರು.

ಗಟ್ಟಿಮುಟ್ಟಾದ ಇಪ್ಪತ್ತೆರಡರ ಹರೆಯದವರಿಗೆ ಇದರಿಂದ ದೊಡ್ಡ ತೊಂದರೆ ಆಗುವುದು ಅಪರೂಪ. ಆದರೆ ನಿಮ್ಮಲ್ಲಿ ಕೆಲವರು ಸಂಸಾರ ಸಮೇತ ಹೋಗುವವರಿದ್ದೀರಿ. ಗರ್ಭಿಣಿಯರು, ವಯಸ್ಸಾದವರು, ರೋಗ ನಿರೋಧಕ ಶಕ್ತಿ ಕುಂದಿದವರು ಇದನ್ನು ತಣ್ಣಗೆ ತಿನ್ನಲೇಬಾರದು. ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ 165 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 74 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ, ಮುರಿದಾಗ ಒಳಗಿನಿಂದ ಹಬೆ ಏಳಬೇಕು ಅಷ್ಟೇ. ತೆರೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಎರಡು ವಾರ, ತೆರೆದದ್ದನ್ನು ಒಂದು ವಾರ ಇಡಬಹುದು. ಪೊಟ್ಟಣದೊಳಗಿನ ನೀರು ಸೊಪ್ಪು, ಹಣ್ಣುಗಳ ಮೇಲೆ ತೊಟ್ಟಿಕ್ಕಬಾರದು.

ಈ ತಿನಿಸಿಗೂ ವಿಷಕ್ಕೂ ಹಳೆಯ ನಂಟು. 1820ರ ಸುಮಾರಿನಲ್ಲಿ ಜರ್ಮನಿಯ ವ್ಯುರ್ಟೆಂಬರ್ಗಿನಲ್ಲಿ ಸಾಸೇಜು ತಿಂದು ಜನ ಸಾಯುತ್ತಿದ್ದರು. ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ ಇದರ ಬೆನ್ನು ಹತ್ತಿದ. ಆತ ಕವಿಯೂ ಹೌದು. ಆ ‘ಸಾಸೇಜು ವಿಷ’ದ ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟ, ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ‘ಬೊಟುಲಸ್’ ಎನ್ನುತ್ತಾರೆ. ಬೊಟುಲಿಸಂ ಎಂಬ ರೋಗದ ಹೆಸರು ಬಂದದ್ದು ಅಲ್ಲಿಂದಲೇ. ಈ ರೋಗದ ಬ್ಯಾಕ್ಟೀರಿಯಾವನ್ನು ತಡೆಯಲೆಂದು ಸಾಸೇಜಿಗೆ ಸೋಡಿಯಂ ನೈಟ್ರೈಟ್ ಬೆರೆಸುತ್ತಾರೆ. ಬೇಯಿಸಿದ ಮೇಲೂ ಹಾಟ್ ಡಾಗ್ ಗುಲಾಬಿ ಬಣ್ಣದಲ್ಲಿ ಉಳಿಯುವುದು ಅದೇ ಉಪ್ಪಿನಿಂದ. ‘ನೈಟ್ರೈಟ್ ಸೇರಿಸಿಲ್ಲ’ ಎಂದು ಬರೆದ ದುಬಾರಿ ಪೊಟ್ಟಣಗಳೂ ಇವೆ. ಹಿಂಬದಿಯ ಸಣ್ಣಕ್ಷರ ಓದಿದರೆ ಹೆಚ್ಚಿನವುಗಳಲ್ಲಿ ಸೆಲರಿ ಸೊಪ್ಪಿನ ಪುಡಿ ಇರುತ್ತದೆ. ಅದರಲ್ಲಿ ಸಹಜವಾಗಿಯೇ ಇರುವ ನೈಟ್ರೇಟಿನಿಂದ ಬರುವುದೂ ಅದೇ ವಸ್ತು! ಮೂಗನ್ನು ಸುತ್ತಿ ಹಿಡಿಯುವುದೆಂದರೆ ಇದೇ.

ಈಗ ಒಲೆಯ ಹತ್ತಿರ ಹೋಗೋಣ. ಅತಿ ಸುಲಭದ್ದು ನೀರಿನಲ್ಲಿ ಬಿಸಿ ಮಾಡುವುದು. ಕುದಿಯುವ ನೀರಿಗೆ ಹಾಕಿ, ಉರಿ ತಗ್ಗಿಸಿ, ಐದಾರು ನಿಮಿಷ ಬಿಟ್ಟರಾಯಿತು. ಮಳಮಳ ಕುದಿಸಿದರೆ ಮಸಾಲೆ, ಉಪ್ಪೆಲ್ಲ ನೀರಿಗಿಳಿದು ಸಾಸೇಜು ಸಪ್ಪೆಯಾಗುತ್ತದೆ. ನ್ಯೂಯಾರ್ಕಿನ ಬೀದಿ ಗಾಡಿಗಳಲ್ಲಿ ಮಾರುವುದು ಇಂಥದ್ದೇ. ದಿನವಿಡೀ ಸಾಸೇಜು ಮುಳುಗಿ ಮುಳುಗಿ ಮಸಾಲೆ ಹಿಡಿದ ನೀರು ಅದು. ಊರಿನವರು ಪ್ರೀತಿಯಿಂದಲೇ ‘ಕೊಳಕು ನೀರಿನ ನಾಯಿ’ ಎನ್ನುತ್ತಾರೆ. ಹಿಂದೆ ಗಾಡಿ ನೂಕುತ್ತಿದ್ದವರು ಜರ್ಮನರು, ಗ್ರೀಕರು. ಇಂದು ಆ ಕೊಡೆಯಡಿ ನಿಂತವರಲ್ಲಿ ಈಜಿಪ್ಟಿನವರು, ಬಾಂಗ್ಲಾದೇಶದವರು ಬಹಳ.

ನೀರಿನ ದೋಷವೆಂದರೆ ಅದರ ಶಾಖ ನೂರು ಡಿಗ್ರಿ ದಾಟುವುದಿಲ್ಲ. ಮಾಂಸವಾಗಲಿ, ರೊಟ್ಟಿಯಾಗಲಿ ಕಂದು ಬಣ್ಣಕ್ಕೆ ತಿರುಗಿ ಘಮ್ಮೆನ್ನಬೇಕಾದರೆ ಮೇಲ್ಮೈ ನೂರನಲವತ್ತು ಡಿಗ್ರಿಯ ಆಸುಪಾಸಿಗಾದರೂ ಏರಬೇಕು. ನಮ್ಮ ದೋಸೆಯ ಅಂಚು ಗರಿಗರಿಯಾಗುವುದಕ್ಕೂ, ಇಡ್ಲಿ ಎಷ್ಟು ಹೊತ್ತು ಬೆಂದರೂ ಬೆಳ್ಳಗೇ ಇರುವುದಕ್ಕೂ ಕಾರಣ ಇದೇ. ಆದ್ದರಿಂದ ಬಾಣಲೆ ಬೇಕು.

ಬಾಣಲೆಯಲ್ಲಿ ಹುರಿಯುವಾಗ ಹೊಸಬರ ಅವಸರವೆಂದರೆ ಉರಿಯನ್ನು ಜೋರು ಮಾಡುವುದು. ಹೊರಗೆ ಕರಕಲು, ಒಳಗೆ ಫ್ರಿಜ್ಜಿನ ತಣ್ಣಗೆ. ಇದನ್ನು ತಪ್ಪಿಸಲು ಎರಡು ಹಂತದ ಉಪಾಯವಿದೆ. ಬಾಣಲೆಗೆ ಕಾಲು ಲೋಟ ನೀರು ಹಾಕಿ, ಸಾಸೇಜು ಇಟ್ಟು, ಮಧ್ಯಮ ಉರಿಯಲ್ಲಿ ಮುಚ್ಚಿಡಿ. ನೀರು ಇಂಗುವಷ್ಟರಲ್ಲಿ ಒಳಗೆ ಬಿಸಿಯಾಗಿರುತ್ತದೆ. ಮುಚ್ಚಳ ತೆಗೆದು, ನೀರು ಪೂರ್ತಿ ಆರಿದ ಮೇಲೆ ಒಂದು ಚಮಚ ಬೆಣ್ಣೆಯನ್ನೋ ಎಣ್ಣೆಯನ್ನೋ ಹಾಕಿ, ಹೊರಳಿಸುತ್ತ ಮೂರು ನಿಮಿಷ ಹುರಿಯಿರಿ. ಹದ ಅಷ್ಟೇ. ಅದೇ ಬಾಣಲೆಯ ಜಿಡ್ಡಿನಲ್ಲಿ ಬನ್ನನ್ನು ಬೋರಲು ಹಾಕಿ ಅರ್ಧ ನಿಮಿಷ ಕಾಯಿಸಿದರೆ, ಸಾಸಿವೆಯ ಗೊಜ್ಜಿಗೆ ಬನ್ನು ಒದ್ದೆಮುದ್ದೆ ಆಗುವುದಿಲ್ಲ.

ಹುರಿಯುವಾಗ ಸಾಸೇಜು ಸೀಳುತ್ತದೆ. ಗಮನಿಸಿ ನೋಡಿ, ಯಾವಾಗಲೂ ಉದ್ದಕ್ಕೇ ಸೀಳುತ್ತದೆ, ಅಡ್ಡಕ್ಕಲ್ಲ. ಇಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರಿಗೆ ಕಾರಣ ಗೊತ್ತಿರಬೇಕು. ಕೊಳವೆಯಾಕಾರದ ವಸ್ತುವಿನೊಳಗೆ ಒತ್ತಡ ಏರಿದಾಗ, ಸುತ್ತಳತೆಯ ದಿಕ್ಕಿನಲ್ಲಿ ಬೀಳುವ ಎಳೆತ ಉದ್ದದ ದಿಕ್ಕಿನ ಎಳೆತದ ಎರಡರಷ್ಟು. ಬಾಯ್ಲರ್ ಸಿಡಿಯುವುದೂ ನೀರಿನ ಪೈಪು ಒಡೆಯುವುದೂ ಇದೇ ಲೆಕ್ಕದಲ್ಲಿ. ಒಳಗಿನ ನೀರು ಹಬೆಯಾಗಿ ಹೊರಬರಲು ದಾರಿ ಹುಡುಕುತ್ತದೆ. ನಾವೇ ಮೊದಲು ಚಾಕುವಿನಿಂದ ಮೂರು ನಾಲ್ಕು ಓರೆ ಗೀರು ಹಾಕಿಬಿಟ್ಟರೆ ಸಿಡಿಯುವುದೂ ಇಲ್ಲ, ಗೀರಿನ ಅಂಚುಗಳೆಲ್ಲ ಕಂದಾಗಿ ರುಚಿಯೂ ಹೆಚ್ಚು. ಇನ್ನು ಕೆಲವರು ಉದ್ದಕ್ಕೆ ಸೀಳಿ, ಪುಸ್ತಕದಂತೆ ಬಿಡಿಸಿ, ಕಾವಲಿಗೆ ಒತ್ತಿ ಹುರಿಯುತ್ತಾರೆ. ಬೇಗ ಬೇಯುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ.

ಸೀಳುವುದನ್ನೇ ಬಂಡವಾಳ ಮಾಡಿಕೊಂಡ ಊರೂ ಇದೆ. ನ್ಯೂಜೆರ್ಸಿಯ ಕ್ಲಿಫ್ಟನ್‌ನಲ್ಲಿ 1928ರಿಂದ ನಡೆಯುತ್ತಿರುವ ರಟ್ಸ್ ಹಟ್ ಎಂಬ ಹೋಟೆಲಿನಲ್ಲಿ ಹಾಟ್ ಡಾಗನ್ನು ನಮ್ಮ ಬೋಂಡದಂತೆ ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರೆ. ಚರ್ಮ ಹರಿದು ಬಾಯಿ ಬಿಡುತ್ತದೆ. ಅದಕ್ಕೇ ಅದರ ಹೆಸರು ‘ರಿಪ್ಪರ್’, ಹರುಕ ಎನ್ನೋಣ. ಬೇಗ ತೆಗೆದರೆ ಒಂದು ಹೆಸರು, ಚೆನ್ನಾಗಿ ಕರಿದರೆ ಇನ್ನೊಂದು, ಕಪ್ಪಗೆ ಸುಟ್ಟದ್ದಕ್ಕೆ ‘ಕ್ರಿಮೇಟರ್’. ಅದನ್ನೂ ಕೇಳಿ ತಿನ್ನುವವರಿದ್ದಾರೆ. ನೀವು ಕೋಣೆಯಲ್ಲಿ ಹೀಗೆ ಕರಿಯಲು ಹೋಗಬೇಡಿ ಎಂದೇ ನನ್ನ ಸಲಹೆ. ಹೋದರೂ ಸಾಸೇಜಿನ ಮೇಲಿನ ತೇವವನ್ನು ಕಾಗದದಿಂದ ಪೂರ್ತಿ ಒರೆಸಿ, ಎಣ್ಣೆಯಿಂದ ದೂರ ನಿಲ್ಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಮುಚ್ಚಿ ಒಲೆ ಆರಿಸಿ. ಅಮೆರಿಕದ ಮನೆಗಳ ಸೂರಿನಲ್ಲಿ ಹೊಗೆ ಕಂಡರೆ ಕಿರುಚುವ ಗಂಟೆ ಇರುತ್ತದೆ. ಮೆಣಸಿನಕಾಯಿ ಒಗ್ಗರಣೆಗೇ ಅದು ಕಟ್ಟಡದವರನ್ನೆಲ್ಲ ಬೀದಿಗಿಳಿಸುತ್ತದೆ ಎಂದು ಅಲ್ಲಿದ್ದು ಬಂದವರು ಹೇಳುತ್ತಾರೆ.

ಜೋಳದ ಹಿಟ್ಟಿನಲ್ಲಿ ಅದ್ದಿ, ಕಡ್ಡಿಗೆ ಚುಚ್ಚಿ ಕರಿದರೆ ಅದು ‘ಕಾರ್ನ್ ಡಾಗ್’. ಟೆಕ್ಸಾಸ್ ರಾಜ್ಯದ ಜಾತ್ರೆಯಲ್ಲಿ ಫ್ಲೆಚರ್ ಸೋದರರು 1942ರ ಹೊತ್ತಿಗೆ ಇದನ್ನು ಹೆಸರುವಾಸಿ ಮಾಡಿದರು. ನಮ್ಮ ಮಿರ್ಚಿ ಬಜ್ಜಿಯ ದೂರದ ನೆಂಟ. ಒಲೆಯೊಳಗೆ ಮೇಲಿನ ಕಾವಿನಲ್ಲಿ ಸುಡಬಹುದು, ಮೈಕ್ರೋವೇವಿನಲ್ಲಿ ಕಾಗದ ಸುತ್ತಿ ಮುಕ್ಕಾಲು ನಿಮಿಷ ಬಿಸಿ ಮಾಡಬಹುದು. ಎರಡನೆಯದರಲ್ಲಿ ಒಂದು ತುದಿ ಕೆಂಡ, ಇನ್ನೊಂದು ತುದಿ ತಣ್ಣಗಿರುವ ಸಂಭವವಿದೆ. ನಡುವೆ ಒಮ್ಮೆ ತಿರುಗಿಸಿ, ಒಂದು ನಿಮಿಷ ಹಾಗೇ ಬಿಟ್ಟು ತಿನ್ನಬೇಕು. 1970ರ ದಶಕದಲ್ಲಿ ಪ್ರೆಸ್ಟೋ ಕಂಪನಿ ಒಂದು ವಿಚಿತ್ರ ಯಂತ್ರ ಮಾರುತ್ತಿತ್ತು. ಸಾಸೇಜಿನ ಎರಡು ತುದಿಗೂ ಮೊಳೆ ಚುಚ್ಚಿ, ಅದರ ಮೂಲಕವೇ ವಿದ್ಯುತ್ ಹರಿಸಿ ಬಿಸಿ ಮಾಡುವುದು! ಉಪ್ಪುನೀರು ತುಂಬಿದ ಸಾಸೇಜು ತಂತಿಯಂತೆಯೇ ವಿದ್ಯುತ್ತನ್ನು ಹರಿಯಗೊಡುತ್ತದೆ. ನೀವು ಎಂಜಿನಿಯರುಗಳು, ದಯವಿಟ್ಟು ಕೋಣೆಯಲ್ಲಿ ಇದನ್ನು ಮಾಡಿ ನೋಡಬೇಡಿ.

ಕೆಂಡದ ಮೇಲೆ ಸುಡುವುದು ಜುಲೈ 4ರ ಸ್ವಾತಂತ್ರ್ಯ ದಿನದ ಪದ್ಧತಿ. ಅಂದು ಒಂದೇ ದಿನ ಹದಿನೈದು ಕೋಟಿ ಹಾಟ್ ಡಾಗ್ ಖರ್ಚಾಗುತ್ತವೆ ಎಂದು ಆ ಉದ್ಯಮದ ಮಂಡಳಿಯೇ ಹೇಳಿಕೊಳ್ಳುತ್ತದೆ. ಮಾರುವವರು ಹೇಳುವ ಲೆಕ್ಕ, ಸ್ವಲ್ಪ ಉಪ್ಪು ಸೇರಿಸಿ ನಂಬೋಣ. ನಿಮ್ಮ ಪ್ರಾಧ್ಯಾಪಕರು ಅಂದು ಮನೆಗೆ ಕರೆದರೆ ಹೋಗಿ. ಸಸ್ಯಾಹಾರಿಗಳು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೋಯಾ, ಗೋಧಿಯ ಅಂಟಿನಿಂದ ಮಾಡಿದ ಹಾಟ್ ಡಾಗ್ ಸಿಗುತ್ತದೆ, ಆದರೆ ಸುಡುವ ಸರಳು ಒಂದೇ ಆಗಿರುತ್ತದೆ. ಬೇಕಾದರೆ ಬೇರೆ ಬಾಣಲೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕೆಲವು ಸಸ್ಯಾಹಾರಿ ಹಾಟ್ ಡಾಗ್‌ಗಳಲ್ಲಿ ಮೊಟ್ಟೆಯ ಬಿಳಿ ಇರುತ್ತದೆಂಬುದೂ ನೆನಪಿರಲಿ.

ಮಾಂಸ ತಿನ್ನುವವರಿಗೂ ಪೊಟ್ಟಣ ಓದುವ ಕೆಲಸ ತಪ್ಪಿದ್ದಲ್ಲ. ‘ಬೀಫ್ ಫ್ರಾಂಕ್ಸ್’ ಎಂದಿದ್ದರೆ ಬರೀ ದನದ ಮಾಂಸ. ಬರಿದೇ ‘ಹಾಟ್ ಡಾಗ್’ ಎಂದಿದ್ದರೆ ಕೋಳಿ, ಹಂದಿ, ದನ ಮೂರೂ ಬೆರೆತಿರಬಹುದು. ಕೋಳಿಯದೆಂದು ಕೊಂಡ ಸಾಸೇಜಿನ ಹೊದಿಕೆ ದನದ ಚರ್ಮದ ಕೊಲಾಜೆನ್ ಆಗಿರುವುದೂ ಉಂಟು. ಯೆಹೂದಿಗಳ ಕೋಷರ್ ಗುರುತಿದ್ದರೆ ಹಂದಿ ಇರುವುದಿಲ್ಲ. ಹಲಾಲ್ ಗುರುತಿನದೂ ಹಾಗೆಯೇ. ಎರಡರಲ್ಲೂ ದನ ಇರಬಹುದು. ಇಷ್ಟೆಲ್ಲ ಅಚ್ಚಾಗುವಂತಾದದ್ದರ ಹಿಂದೆ ಒಂದು ಕಾದಂಬರಿಯಿದೆ. 1906ರಲ್ಲಿ ಅಪ್ಟನ್ ಸಿಂಕ್ಲೇರ್ ‘ದಿ ಜಂಗಲ್’ ಬರೆದು ಷಿಕಾಗೋದ ಮಾಂಸದ ಕಾರ್ಖಾನೆಗಳ ಹೊಲಸನ್ನು ಬಯಲಿಗಿಟ್ಟ. ಆತನ ಉದ್ದೇಶ ಕೂಲಿಗಳ ಪಾಡನ್ನು ತೋರಿಸುವುದಾಗಿತ್ತು. ಓದುಗರು ಕೂಲಿಗಳನ್ನು ಮರೆತು ತಮ್ಮ ತಟ್ಟೆಯನ್ನು ನೋಡಿಕೊಂಡರು. ಅದೇ ವರ್ಷ ಮಾಂಸ ತಪಾಸಣೆಯ ಕಾಯಿದೆ ಬಂತು.

ಬಡ ವಲಸೆಗಾರನಿಗೆ ಈ ತಿನಿಸು ಅನ್ನ ಕೊಟ್ಟದ್ದನ್ನೂ ಹೇಳಬೇಕು. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಕಡಲ ತೀರದಲ್ಲಿ ಚಾರ್ಲ್ಸ್ ಫೆಲ್ಟ್‌ಮನ್ ಎಂಬ ಜರ್ಮನ್ ವಲಸೆಗಾರ ತಳ್ಳುಗಾಡಿಯಲ್ಲಿ ಒಲೆ ಇಟ್ಟು, ಸಾಸೇಜನ್ನು ಬನ್ನಿನಲ್ಲಿಟ್ಟು ಮಾರುತ್ತಿದ್ದ. ತಟ್ಟೆ, ಫೋರ್ಕುಗಳ ಖರ್ಚು ಉಳಿಯಿತು. ಮುಂದೆ ಆತ ದೊಡ್ಡ ಹೋಟೆಲನ್ನೇ ಕಟ್ಟಿದ. ಅಲ್ಲಿ ಕೆಲಸಕ್ಕಿದ್ದ ನೇಥನ್ ಹ್ಯಾಂಡ್‌ವರ್ಕರ್ ಎಂಬ ಪೋಲೆಂಡಿನ ಯೆಹೂದಿ ಹುಡುಗ, ಒಂದಿಷ್ಟು ಹಣ ಕೂಡಿಸಿಕೊಂಡು 1916ರಲ್ಲಿ ಅದೇ ಬೀದಿಯಲ್ಲಿ ತನ್ನದೊಂದು ಅಂಗಡಿ ಹಾಕಿದ. ಮಸಾಲೆಯ ಹದ ಹೆಂಡತಿ ಐಡಾಳದು ಎನ್ನುತ್ತಾರೆ. ಫೆಲ್ಟ್‌ಮನ್ ಅಂಗಡಿಯಲ್ಲಿ ಹತ್ತು ಸೆಂಟಾದರೆ ನೇಥನ್ ಐದು ಸೆಂಟಿಗೇ ಕೊಟ್ಟ. ಇಷ್ಟು ಅಗ್ಗ ಎಂದರೆ ಮಾಂಸ ಎಂಥದೋ ಎಂದು ಗಿರಾಕಿಗಳು ಹಿಂದೆಗೆದಾಗ, ಡಾಕ್ಟರರ ಬಿಳಿ ಕೋಟು ತೊಡಿಸಿದ ಜನರನ್ನು ಅಂಗಡಿ ಮುಂದೆ ನಿಲ್ಲಿಸಿ ತಿನ್ನಿಸಿದನಂತೆ. ಫೆಲ್ಟ್‌ಮನ್ ಹೋಟೆಲು 1954ರಲ್ಲಿ ಮುಚ್ಚಿತು. ನೇಥನ್ ಅಂಗಡಿ ಅದೇ ಮೂಲೆಯಲ್ಲಿ ಇನ್ನೂ ಇದೆ. ಅಲ್ಲಿ ನಡೆಯುವ ತಿನ್ನುವ ಪಂದ್ಯದಲ್ಲಿ 2021ರಲ್ಲಿ ಜೋಯಿ ಚೆಸ್ಟ್‌ನಟ್ ಹತ್ತು ನಿಮಿಷಕ್ಕೆ 76 ಹಾಟ್ ಡಾಗ್ ನುಂಗಿದ. ಇದನ್ನು ಕ್ರೀಡೆ ಎಂದು ಕ್ರೀಡಾಪುಟದಲ್ಲಿ ಹಾಕುವ ಪತ್ರಿಕೆಗಳಿಗೆ ನನ್ನ ನಮಸ್ಕಾರ.

ಡೆಟ್ರಾಯಿಟ್‌ನಲ್ಲಿ ಇದನ್ನು ಕೈಗೆತ್ತಿಕೊಂಡವರು ಗ್ರೀಕರು. 1917ರಲ್ಲಿ ಗಸ್ಟ್ ಕೆರೋಸ್ ಅಂಗಡಿ ತೆರೆದು ಹಾಟ್ ಡಾಗ್ ಮೇಲೆ ಮಸಾಲೆ ಹಾಕಿದ ಕೀಮಾ ಸುರಿದ. ಮುಂದೆ ಅವನ ಸೋದರ ಪಕ್ಕದ ಬಾಗಿಲಲ್ಲೇ ಇನ್ನೊಂದು ಅಂಗಡಿ ತೆಗೆದ. ಊರು ಇವತ್ತಿಗೂ ಎರಡು ಪಕ್ಷ. ಷಿಕಾಗೋದವರು ಗಸಗಸೆ ಬನ್ನಿನಲ್ಲಿ ಸಾಸಿವೆ, ಈರುಳ್ಳಿ, ಟೊಮೆಟೊ, ಸೌತೆ ಉಪ್ಪಿನಕಾಯಿ, ಹಸಿಮೆಣಸು, ಸೆಲರಿ ಉಪ್ಪು ಎಲ್ಲ ತುಂಬುತ್ತಾರೆ. ಕೆಚಪ್ ಕೇಳಿದರೆ ಮಾತ್ರ ಮುಖ ಸಿಂಡರಿಸುತ್ತಾರೆ. ಅರಿಜೋನಾದ ಟೂಸಾನ್‌ಗೆ ಹೋಗುವವರಿಗೆ ಮೆಕ್ಸಿಕೋದ ಸೊನೋರಾದಿಂದ ಬಂದ ಬಗೆ ಸಿಗುತ್ತದೆ. ಸಾಸೇಜಿಗೆ ಬೇಕನ್ ಎಳೆ ಸುತ್ತಿ ಕಾವಲಿಯಲ್ಲಿ ಹುರಿದು, ಮೇಲೆ ಬೇಯಿಸಿದ ಕಾಳು ಹಾಕುತ್ತಾರೆ. ಯಾವ ಊರಿಗೆ ಯಾರು ಬಂದರೋ ಅವರ ಅಡುಗೆಮನೆ ಆ ಬನ್ನಿನೊಳಗೆ ಇಳಿದಿದೆ. ಇಷ್ಟು ಬಡತನದ ತಿನಿಸನ್ನು 1939ರ ಜೂನ್ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ದಂಪತಿಗೆ ಹೈಡ್ ಪಾರ್ಕಿನ ತಮ್ಮ ಮನೆಯ ವನಭೋಜನದಲ್ಲಿ ಬಡಿಸಿದರು. ಯುದ್ಧ ಹತ್ತಿರವಾಗುತ್ತಿದ್ದ ಕಾಲ, ಬ್ರಿಟನ್ನಿನ ಮೇಲೆ ಅಮೆರಿಕನ್ನರಿಗೆ ಮಮತೆ ಹುಟ್ಟಬೇಕಿತ್ತು. ರಾಣಿ ಚಾಕು, ಫೋರ್ಕು ಹಿಡಿದರು. ದೊರೆ ಕೈಯಲ್ಲೇ ತಿಂದು ಇನ್ನೊಂದು ಕೇಳಿದರು. ಮರುದಿನದ ಪತ್ರಿಕೆಗಳಿಗೆ ಅದೇ ಸುದ್ದಿ.

ಇನ್ನೆರಡು ಎಚ್ಚರಿಕೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹಾಟ್ ಡಾಗನ್ನು ದುಂಡಗೆ ಬಿಲ್ಲೆ ಮಾಡಿ ಕೊಡಬೇಡಿ. ಬಿಲ್ಲೆ ಮಗುವಿನ ಗಂಟಲಿನ ಅಳತೆಗೆ ಬಿರಡೆಯಂತೆ ಕೂತುಬಿಡುತ್ತದೆ. ಆಹಾರ ಸಿಕ್ಕಿ ಉಸಿರುಗಟ್ಟಿದ ಮಕ್ಕಳ ಪ್ರಕರಣಗಳಲ್ಲಿ ಶೇಕಡ 17 ಹಾಟ್ ಡಾಗ್‌ನಿಂದಲೇ ಎಂದು ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿ 2010ರಲ್ಲಿ ಹೇಳಿತು. ಆಕಾರವನ್ನೇ ಬದಲಿಸಿ ಎಂದೂ ತಯಾರಕರಿಗೆ ಸೂಚಿಸಿತು. ಆಕಾರ ಬದಲಾಗಲಿಲ್ಲ. ನೀವು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಆಮೇಲೆ ಸಣ್ಣಗೆ ಹೆಚ್ಚಿ ಕೊಡಿ. ಎರಡನೆಯದು ದಿನವೂ ತಿನ್ನುವವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡ 18ರಷ್ಟು ಏರುತ್ತದೆ ಎಂಬುದು ಅದರ ಲೆಕ್ಕ. 50 ಗ್ರಾಂ ಎಂದರೆ ಹೆಚ್ಚು ಕಡಿಮೆ ಒಂದು ಹಾಟ್ ಡಾಗ್. ತಂಬಾಕಿನ ಸಾಲಿನಲ್ಲೇ ಅದರ ಹೆಸರಿದ್ದರೂ ತಂಬಾಕಿನಷ್ಟೇ ಅಪಾಯ ಎಂದು ಅರ್ಥವಲ್ಲ. ಪುರಾವೆ ಅಷ್ಟೇ ಗಟ್ಟಿ ಎಂದು ಮಾತ್ರ ಅರ್ಥ. ವಾರಕ್ಕೊಮ್ಮೆ ತಿನ್ನುವವರು ನಿದ್ದೆಗೆಡಬೇಕಾಗಿಲ್ಲ. ಮೂರು ಹೊತ್ತೂ ಅದರಲ್ಲೇ ಕಳೆಯುವ ವಿದ್ಯಾರ್ಥಿಗಳು ಯೋಚಿಸಬೇಕು. ಬೆಂಕಿಯ ಜ್ವಾಲೆಗೆ ನೇರ ಹಿಡಿದು ಕರಕಲು ಮಾಡುವುದನ್ನೂ ಬಿಡುವುದು ಲೇಸು.

ಕೊನೆಗೆ ಒಂದು ತಮಾಷೆಯ ಲೆಕ್ಕ. ಅಲ್ಲಿ ಹಾಟ್ ಡಾಗ್ ಪೊಟ್ಟಣದಲ್ಲಿ ಸಾಮಾನ್ಯವಾಗಿ ಹತ್ತು ಇರುತ್ತವೆ. ಬನ್ನಿನ ಪೊಟ್ಟಣದಲ್ಲಿ ಎಂಟು. ಮಾಂಸದವರು ಒಂದು ಪೌಂಡಿಗೆ ಹತ್ತರಂತೆ ತೂಗಿದರೆ, ಬೇಕರಿಯವರು ನಾಲ್ಕು ನಾಲ್ಕರ ತಟ್ಟೆಯಲ್ಲಿ ಬನ್ನು ಸುಡುತ್ತಾರೆ. ಇಬ್ಬರೂ ಕೂತು ಮಾತಾಡಲಿಲ್ಲ. ಹೀಗೆ ಬನ್ನಿಲ್ಲದೆ ಉಳಿಯುವ ಎರಡನ್ನು ಏನು ಮಾಡುವುದು? ಕೊರಿಯಾ ಯುದ್ಧದ ನಂತರ ಉಯಿಜೊಂಗ್ಬುವಿನ ಬಡವರು ಅಮೆರಿಕನ್ ಸೈನಿಕ ಶಿಬಿರದಿಂದ ಹೊರಬಿದ್ದ ಸಾಸೇಜನ್ನು ಕಿಮ್ಚಿ, ಖಾರದ ಜೊತೆ ಕುದಿಸಿ ‘ಸೇನಾ ಶಿಬಿರದ ಸಾರು’ ಮಾಡಿಕೊಂಡರು. ಈಗ ಅದು ಹೋಟೆಲುಗಳಲ್ಲಿ ಹಣ ಕೊಟ್ಟು ತಿನ್ನುವ ತಿನಿಸು. ನಿಮ್ಮ ಬಳಿ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸು ಇರುತ್ತವೆ. ಆ ಎರಡನ್ನು ತೆಳ್ಳಗೆ ಹೆಚ್ಚಿ, ಮೊದಲು ಒಣ ಬಾಣಲೆಯಲ್ಲಿ ಅಂಚು ಕಂದಾಗುವವರೆಗೆ ಹುರಿದು ತೆಗೆದಿಡಿ. ಬಿಟ್ಟ ಜಿಡ್ಡಿನಲ್ಲೇ ಒಗ್ಗರಣೆ ಹಾಕಿ, ಈರುಳ್ಳಿ ಬಾಡಿದ ಮೇಲೆ ರಾತ್ರಿ ಉಳಿದ ಅನ್ನ ಸೇರಿಸಿ, ಹುರಿದದ್ದನ್ನು ಮತ್ತೆ ಹಾಕಿ ಕಲಸಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ಸಾಸೇಜಿನಲ್ಲಿ ಬೇಕಾದಷ್ಟಿರುತ್ತದೆ. ಕಿಟಕಿ ತೆರೆದಿರಲಿ.